ಹೇರ್ ಡ್ರೈಯರ್ ಕೈಕೊಟ್ಟ ರಾಕೆಟ್



ರಾಕೆಟ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಏನು ಬರುತ್ತೆ? ಶ್ರೀಹರಿಕೋಟಾ. ಕೌಂಟ್‌ಡೌನ್. ಸಾಲಾಗಿ ಕಂಪ್ಯೂಟರ್ ಮುಂದೆ ಕೂತಿರೋ ವಿಜ್ಞಾನಿಗಳು. ಪ್ರಧಾನಿಗಳ ಅಭಿನಂದನೆ. ಅಂದ್ರೆ ರಾಕೆಟ್ ಅನ್ನೋದು ಸರ್ಕಾರದ ಕೆಲಸ, ಇಲ್ಲದಿದ್ರೆ ಎಲಾನ್ ಮಸ್ಕ್ ತರಹದ ಕುಬೇರರ ಕೆಲಸ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೀವಿ. ಇವತ್ತು ನಾನು ಹೇಳೋದು ಈ ಎರಡೂ ಅಲ್ಲದವರ ಕಥೆ. ಬೆಳಗ್ಗೆ ಆಫೀಸಿಗೆ ಹೋಗ್ತಾರೆ, ಸಂಜೆ ಮತ್ತು ಶನಿವಾರ-ಭಾನುವಾರ ರಾಕೆಟ್ ಕಟ್ತಾರೆ. ಯಾರಿಗೂ ಒಂದು ಪೈಸೆ ಸಂಬಳ ಇಲ್ಲ. ಗುರಿ ಏನು ಗೊತ್ತಾ? ತಮ್ಮಲ್ಲೇ ಒಬ್ಬರನ್ನ ಬಾಹ್ಯಾಕಾಶಕ್ಕೆ ಕಳಿಸಿ, ಜೀವಂತವಾಗಿ ವಾಪಸ್ ಕರ್ಕೊಂಡು ಬರೋದು.

ಊರು ಕೋಪನ್‌ಹೇಗನ್, ಡೆನ್ಮಾರ್ಕ್ ರಾಜಧಾನಿ. ಗುಂಪಿನ ಹೆಸರು ಕೋಪನ್‌ಹೇಗನ್ ಸಬ್‌ಆರ್ಬಿಟಲ್ಸ್. ಶುರುವಾಗಿದ್ದು 2008ರಲ್ಲಿ. ರೆಫ್‌ಶೇಲ್‌ಓಯೆನ್ ಅಂತ ಒಂದು ಜಾಗ ಇದೆ. ಒಂದು ಕಾಲದಲ್ಲಿ ಅಲ್ಲಿ ಬರ್ಮೈಸ್ಟರ್ ಅಂಡ್ ವೈನ್ ಅನ್ನೋ ದೊಡ್ಡ ಹಡಗು ಕಟ್ಟೋ ಕಂಪನಿ ಇತ್ತು. ಕಂಪನಿ ಮುಚ್ಚಿತು, ಶೆಡ್ಡುಗಳು ಉಳಿದವು. ಅಂಥ ಜಾಗದಲ್ಲಿ ಈ ಜನ ವೆಲ್ಡಿಂಗ್ ಮೆಷಿನ್, ಲೇತು, ಹೊಲಿಗೆ ಮೆಷಿನ್ ಇಟ್ಕೊಂಡು ಕೂತರು.

ಹುಟ್ಟುಹಾಕಿದವರು ಇಬ್ಬರು. ಒಬ್ಬರು ಕ್ರಿಸ್ಟಿಯನ್ ಫಾನ್ ಬೆಂಗ್ಟ್‌ಸನ್, ವಾಸ್ತುಶಿಲ್ಪಿ. ಇನ್ನೊಬ್ಬ ಪೀಟರ್ ಮ್ಯಾಡ್ಸನ್, ಸ್ನೇಹಿತರ ಜೊತೆ ಸೇರಿ ಕೈಯಾರೆ ಸಬ್‌ಮರೀನ್ ಕಟ್ಟಿದ್ದ ಮನುಷ್ಯ. ಈ ಎರಡನೇ ಹೆಸರನ್ನ ನೆನಪಿಟ್ಟುಕೊಳ್ಳಿ. ಕಥೆಯಲ್ಲಿ ಮತ್ತೆ ಬರುತ್ತೆ, ಒಳ್ಳೆ ಕಾರಣಕ್ಕಲ್ಲ.

ಮೊದಲು ಇವರ ಗುರಿ ಏನು ಅಂತ ಸರಿಯಾಗಿ ಅರ್ಥ ಮಾಡ್ಕೊಳ್ಳೋಣ. ನೆಲದಿಂದ 100 ಕಿಲೋಮೀಟರ್ ಎತ್ತರಕ್ಕೆ ಹೋದ್ರೆ ಅದನ್ನ ಬಾಹ್ಯಾಕಾಶದ ಗಡಿ ಅಂತ ಕರೀತಾರೆ. ಬೆಂಗಳೂರಿನಿಂದ ಮಂಡ್ಯದಷ್ಟು ದೂರ, ಆದರೆ ನೆಟ್ಟಗೆ ಮೇಲಕ್ಕೆ. ಇವರು ಭೂಮಿಯನ್ನ ಸುತ್ತು ಹಾಕೋದಿಲ್ಲ. ಸುತ್ತು ಹಾಕಬೇಕಾದ್ರೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗ ಬೇಕು. ನಮ್ಮ ಗಗನಯಾನದ ಸವಾಲು ಅದು, ಅದಕ್ಕೆ 2018ರಲ್ಲಿ ಕೇಂದ್ರ ಸಂಪುಟ ಸುಮಾರು 10,000 ಕೋಟಿ ರೂಪಾಯಿ ಮಂಜೂರು ಮಾಡ್ತು. ಡೆನ್ಮಾರ್ಕಿನವರದ್ದು ಅದಲ್ಲ. ಕಲ್ಲು ಮೇಲಕ್ಕೆ ಎಸೆದರೆ ಹೋಗಿ ಕೆಳಗೆ ಬೀಳುತ್ತಲ್ಲ, ಹಾಗೆ. 1961ರ ಮೇ 5ಕ್ಕೆ ಅಮೆರಿಕದ ಅಲನ್ ಶೆಪರ್ಡ್ ಮಾಡಿದ್ದೂ ಇದನ್ನೇ, ಹದಿನೈದು ನಿಮಿಷದ ಪ್ರಯಾಣ. ಹಾಗಂತ ಸುಲಭ ಅಂದ್ಕೋಬೇಡಿ. ಸ್ವಂತ ರಾಕೆಟ್‌ನಲ್ಲಿ ಮನುಷ್ಯನನ್ನ ಬಾಹ್ಯಾಕಾಶಕ್ಕೆ ಕಳಿಸಿದ ದೇಶಗಳನ್ನ ಎಣಿಸೋಕೆ ಒಂದು ಕೈಯ ಬೆರಳು ಸಾಕು. ಸೋವಿಯತ್ ರಷ್ಯಾ, ಅಮೆರಿಕ, 2003ರಲ್ಲಿ ಚೀನಾ. ಆ ಪಟ್ಟಿಗೆ ಸೇರ್ತೀವಿ ಅಂತ ಹೊರಟಿರೋದು ಒಂದು ಹವ್ಯಾಸಿ ಸಂಘ!

ದುಡ್ಡು ಎಲ್ಲಿಂದ? ಜನ ಕೊಡ್ತಾರೆ. ಪ್ರತಿ ತಿಂಗಳು ಸಣ್ಣ ಸಣ್ಣ ಮೊತ್ತ ಕಳಿಸೋ ನೂರಾರು ಜನ ಇದ್ದಾರೆ. ನಮ್ಮೂರಲ್ಲಿ ಜಾತ್ರೆಗೆ ವಂತಿಗೆ ಎತ್ತೋ ಹಾಗೆ. ಅದಕ್ಕೇ ಇವರು ಏರೋಸ್ಪೇಸ್ ಕಂಪನಿಗಳ ದುಬಾರಿ ಬಿಡಿಭಾಗ ಹುಡುಕಿಕೊಂಡು ಹೋಗೋದಿಲ್ಲ. ಹಾರ್ಡ್‌ವೇರ್ ಅಂಗಡೀಲಿ ಸಿಗೋದ್ರಲ್ಲಿ ಆಗುತ್ತಾ ಅಂತ ಮೊದಲು ನೋಡ್ತಾರೆ.

ಆ ಬುದ್ಧಿವಂತಿಕೆಯೇ ಒಂದು ಸಲ ಇವರನ್ನ ಜಗತ್ತಿನ ಮುಂದೆ ನಗೆಪಾಟಲು ಮಾಡ್ತು.

2010ರ ಸೆಪ್ಟೆಂಬರ್. ಮೊದಲ ದೊಡ್ಡ ರಾಕೆಟ್ ರೆಡಿ ಆಯ್ತು. ಡೆನ್ಮಾರ್ಕಿನ ಹಳೇ ಖಗೋಳ ವಿಜ್ಞಾನಿ ಟೈಕೋ ಬ್ರಾಹೆ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಸಣ್ಣ ದೇಶ, ಬಯಲು ಜಾಗ ಇಲ್ಲ. ಹಾಗಾಗಿ ಸಮುದ್ರದಿಂದಲೇ ಹಾರಿಸಬೇಕು. ಬಾಲ್ಟಿಕ್ ಸಮುದ್ರದಲ್ಲಿ ಬಾರ್ನ್‌ಹೋಮ್ ಅನ್ನೋ ದ್ವೀಪ ಇದೆ, ಅದರ ಹತ್ತಿರ ಸೇನೆಯವರು ಫೈರಿಂಗ್ ಅಭ್ಯಾಸ ಮಾಡೋ ಜಲಪ್ರದೇಶ. ಅಲ್ಲಿಗೆ ಅನುಮತಿ ಸಿಕ್ಕಿತು. ತಾವೇ ಕಟ್ಟಿದ ತೇಲುವ ವೇದಿಕೆ ಮೇಲೆ ರಾಕೆಟ್ ನಿಲ್ಲಿಸಿದ್ರು. ಆ ವೇದಿಕೆ ಹೆಸರು ಸ್ಪುಟ್ನಿಕ್. ಅದನ್ನ ಸಮುದ್ರಕ್ಕೆ ತಳ್ಳಿಕೊಂಡು ಹೋಗಿದ್ದು ಮ್ಯಾಡ್ಸನ್‌ನ ಸಬ್‌ಮರೀನ್. ಒಳಗೆ ಮನುಷ್ಯನ ಬದಲು ಒಂದು ಬೊಂಬೆ. ಟಿವಿ ಕ್ಯಾಮೆರಾಗಳೆಲ್ಲ ಹಾಜರ್. ಕೌಂಟ್‌ಡೌನ್ ಮುಗೀತು. ರಾಕೆಟ್ ಅಲ್ಲಾಡಲಿಲ್ಲ.

ಕಾರಣ ಏನು? ರಾಕೆಟ್‌ಗೆ ದ್ರವ ಆಮ್ಲಜನಕ ಬೇಕು. ಅದು ಮೈನಸ್ 183 ಡಿಗ್ರಿಯಷ್ಟು ತಣ್ಣಗಿರುತ್ತೆ. ಆ ಚಳಿಗೆ ಅದರ ವಾಲ್ವ್ ಹೆಪ್ಪುಗಟ್ಟಿ ಕೂರಬಾರದು ಅಂತ ಬಿಸಿ ಮಾಡೋಕೆ ಒಂದು ಸಾಧನ ಇಟ್ಟಿದ್ರು. ಯಾವ ಸಾಧನ? ಹೇರ್ ಡ್ರೈಯರ್! ನಾವು ತಲೆಸ್ನಾನ ಆದಮೇಲೆ ಕೂದಲು ಒಣಗಿಸ್ತೀವಲ್ಲ, ಅದೇ. ಡ್ರೈಯರ್‌ಗೆ ಬೇಕಾದಷ್ಟು ಕರೆಂಟ್ ಸಿಗಲಿಲ್ಲ. ವಾಲ್ವ್ ತೆರೀಲಿಲ್ಲ. ಮುಗೀತು ಕಥೆ.

ನಕ್ಕವರಿಗೆ ಲೆಕ್ಕವೇ ಇಲ್ಲ. ಹೇರ್ ಡ್ರೈಯರ್ ಇಟ್ಕೊಂಡು ಬಾಹ್ಯಾಕಾಶಕ್ಕೆ ಹೊರಟವರು ಅಂತ ಬೇರೆ ಬೇರೆ ದೇಶದ ಪತ್ರಿಕೆಗಳು ಬರೆದವು. ಅಂಥ ಹೆಡ್‌ಲೈನ್ ಸಿಕ್ಕರೆ ಯಾವ ನ್ಯೂಸ್ ರೂಮ್ ಬಿಡುತ್ತೆ ಹೇಳಿ? ಆದ್ರೆ ನಗೋವಾಗ ಒಂದು ಮಾತು ಯಾರೂ ಹೇಳಲಿಲ್ಲ. ಡ್ರೈಯರ್ ಇಟ್ಟಿದ್ವಿ, ಅದು ಕೈಕೊಡ್ತು ಅನ್ನೋದನ್ನ ಜಗತ್ತಿಗೆ ಹೇಳಿದವರು ಯಾರು? ಅವರೇ. ತಾಂತ್ರಿಕ ದೋಷ ಅಂತ ಒಂದು ಪದ ಹಾಕಿ ಮುಚ್ಚಿಬಿಡಬಹುದಿತ್ತು. ಸಮಿತಿ ಮಾಡಿದೀವಿ, ವರದಿ ಬರಲಿ ಅನ್ನಬಹುದಿತ್ತು. ಇವರು ಹಾಗೆ ಮಾಡಲಿಲ್ಲ. ಇದು ಕೆಡ್ತು, ಇಂಥ ಕಾರಣಕ್ಕೆ ಕೆಡ್ತು ಅಂದ್ರು. ಮನೆಗೆ ಹೋದ್ರು, ರಿಪೇರಿ ಮಾಡಿದ್ರು.

ಒಂಬತ್ತು ತಿಂಗಳು ಕಳೀತು. 2011ರ ಜೂನ್ 3. ಅದೇ ಸಮುದ್ರ, ಅದೇ ರಾಕೆಟ್, ಅದೇ ಬೊಂಬೆ. ಈ ಸಲ ಹಾರಿತು! ಆದ್ರೆ ನೆಟ್ಟಗೆ ಹೋಗಲಿಲ್ಲ, ವಾಲಿತು. ದಿಕ್ಕು ತಪ್ಪಿದ ರಾಕೆಟ್ ಎಲ್ಲಿ ಬೇಕಾದ್ರೂ ಬೀಳಬಹುದು. 21 ಸೆಕೆಂಡಿಗೆ ಇವರೇ ಎಂಜಿನ್ ಆಫ್ ಮಾಡಿದ್ರು. ಏರಿದ್ದು 2.8 ಕಿಲೋಮೀಟರ್. ಪ್ಯಾರಾಚೂಟ್ ಸರಿಯಾಗಿ ಬಿಚ್ಚಲಿಲ್ಲ, ಬೊಂಬೆ ಕೂತಿದ್ದ ಕ್ಯಾಪ್ಸೂಲ್ ನೀರಿಗೆ ಅಪ್ಪಳಿಸಿತು. ಮನುಷ್ಯ ಕೂತಿದ್ರೆ ಬದುಕ್ತಾ ಇರಲಿಲ್ಲ.

ಸ್ವಲ್ಪ ಇಲ್ಲಿ ನಿಲ್ಲಿ. ಆ 21ನೇ ಸೆಕೆಂಡನ್ನ ಯೋಚನೆ ಮಾಡಿ. ಮೂರು ವರ್ಷದ ಶನಿವಾರ-ಭಾನುವಾರಗಳನ್ನೆಲ್ಲ ಸುರಿದು ಕಟ್ಟಿದ್ದು. ಹೆಂಡತಿ-ಮಕ್ಕಳಿಗೆ ಕೊಡಬೇಕಾದ ಸಮಯ ಅದು. ಕಣ್ಣ ಮುಂದೆ ಮೇಲಕ್ಕೆ ಹೋಗ್ತಾ ಇದೆ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ದಾಖಲೆ ಇನ್ನಷ್ಟು ದೊಡ್ಡದಾಗ್ತಿತ್ತೇನೋ. ಆಫ್ ಮಾಡೋ ನಿರ್ಧಾರ ತಗೊಂಡವರಿಗೆ ಎಷ್ಟು ಕಷ್ಟ ಆಗಿರಬೇಕು! ಗುಂಪು ಕಟ್ಟಿಕೊಂಡು ಕೆಲಸ ಮಾಡೋದ್ರಲ್ಲಿ ಅತಿ ದೊಡ್ಡ ಪರೀಕ್ಷೆ ಇದೇ. ನಿಮ್ಮ ಸ್ನೇಹಿತರ ಶ್ರಮವನ್ನ ನೀವೇ ನಿಲ್ಲಿಸಬೇಕಾದಾಗ ನಿಲ್ಲಿಸ್ತೀರಾ? ನಿಲ್ಲಿಸಿದ ಮೇಲೆ ಆ ಸ್ನೇಹಿತರು ನಿಮ್ಮ ಜೊತೆ ಊಟಕ್ಕೆ ಕೂರ್ತಾರಾ? ಅಲ್ಲಿ ಕೂತರು. ಮುಂದಿನ ರಾಕೆಟ್ಟಿನ ಕೆಲಸ ಶುರುವಾಯ್ತು. 2013ರಲ್ಲಿ ಸಫೈರ್ ಅನ್ನೋ ಚಿಕ್ಕ ರಾಕೆಟ್ ಎಂಟು ಕಿಲೋಮೀಟರ್‌ಗೂ ಮೇಲೆ ಹೋಯ್ತು, ಅದೂ ತಾನೇ ದಿಕ್ಕು ಸರಿಪಡಿಸಿಕೊಳ್ತಾ. 2011ರಲ್ಲಿ ವಾಲಿದ್ದಕ್ಕೆ ಇದು ಉತ್ತರ.

ಇಷ್ಟೇ ಆಗಿದ್ರೆ ಇದೊಂದು ಸೋತು ಗೆದ್ದವರ ಕಥೆ ಅಂತ ಹೇಳಿ ಮುಗಿಸ್ತಿದ್ದೆ. ಆದ್ರೆ ನಿಜವಾದ ಹೊಡೆತ ಬಿದ್ದಿದ್ದು ಸಮುದ್ರದಲ್ಲಿ ಅಲ್ಲ, ಶೆಡ್ಡಿನ ಒಳಗೆ.

2014ರ ಫೆಬ್ರವರಿಯಲ್ಲಿ ಫಾನ್ ಬೆಂಗ್ಟ್‌ಸನ್ ಗುಂಪು ಬಿಟ್ಟರು. ಜೂನ್‌ನಲ್ಲಿ ಮ್ಯಾಡ್ಸನ್ ಹೊರಟ. ಹುಟ್ಟುಹಾಕಿದ ಇಬ್ಬರೂ ಹೋದ್ರು, ಅದೂ ಐದೇ ತಿಂಗಳಲ್ಲಿ. ಮ್ಯಾಡ್ಸನ್ ಸುಮ್ಮನೆ ಹೋಗಲಿಲ್ಲ, ಅದೇ ಪ್ರದೇಶದಲ್ಲಿ ತನ್ನದೇ ಬೇರೆ ರಾಕೆಟ್ ಸಂಸ್ಥೆ ಶುರು ಮಾಡಿದ. ಇತ್ತ ಉಳಿದವರು ಆಗಸ್ಟ್‌ನಲ್ಲಿ ಹೊಸ ದೊಡ್ಡ ಎಂಜಿನ್ನನ್ನ ನೆಲದ ಮೇಲೆ ಉರಿಸಿ ಪರೀಕ್ಷೆ ಮಾಡಿದ್ರು. ಅದಕ್ಕೂ ಬೆಂಕಿ ಬಿತ್ತು. ಹಾರಬೇಕಿದ್ದ ರಾಕೆಟ್ ನಿಂತಲ್ಲೇ ಹಾಳಾಯ್ತು.

ನಾಯಕರಿಲ್ಲ. ರಾಕೆಟ್ ಇಲ್ಲ. ನಮ್ಮಲ್ಲಾಗಿದ್ರೆ ಏನಾಗ್ತಿತ್ತು, ಎದೆ ಮುಟ್ಟಿಕೊಂಡು ಹೇಳಿ? ಗಣೇಶೋತ್ಸವದ ಯುವಕ ಸಂಘ ಫ್ಲೆಕ್ಸಿನಲ್ಲಿ ಯಾರ ಫೋಟೋ ದೊಡ್ಡದು ಅನ್ನೋದಕ್ಕೆ ಎರಡಾಗುತ್ತೆ. ಊರಿನ ನಾಟಕ ಮಂಡಳಿ ದುರ್ಯೋಧನನ ಪಾತ್ರ ಯಾರಿಗೆ ಅನ್ನೋದಕ್ಕೆ ಎರಡಾಗುತ್ತೆ. ಸಹಕಾರ ಸಂಘ, ಕ್ರಿಕೆಟ್ ಟೀಮು, ಕನ್ನಡ ಸಂಘ, ಪಕ್ಷಗಳ ವಿಷಯವಂತೂ ಬಿಡಿ. ಅಧ್ಯಕ್ಷ ಎದ್ದು ಹೋದ್ರೆ ಸಂಘಕ್ಕೆ ಬೀಗ. ಬೀಗದ ಕೈ ಯಾರ ಹತ್ರ ಇದೆ ಅನ್ನೋದಕ್ಕೆ ಪೊಲೀಸ್ ಕಂಪ್ಲೇಂಟ್!

ಕೋಪನ್‌ಹೇಗನ್ ಶೆಡ್ಡಿಗೆ ಬೀಗ ಬೀಳಲಿಲ್ಲ. ಯಾಕೆ? ಹುಟ್ಟುಹಾಕಿದವರು ಇಬ್ಬರಾದ್ರೂ ಕೆಲಸ ಇಬ್ಬರದ್ದಾಗಿ ಉಳಿದಿರಲಿಲ್ಲ. ವೆಲ್ಡಿಂಗ್ ಒಬ್ಬರದು. ಎಲೆಕ್ಟ್ರಾನಿಕ್ಸ್ ಇನ್ನೊಬ್ಬರದು. ಸಾಫ್ಟ್‌ವೇರ್ ಮತ್ತೊಬ್ಬರದು. ಪ್ಯಾರಾಚೂಟ್ ಹೊಲಿಯೋರು ಬೇರೆ, ದೋಣಿ ನಡೆಸೋರು ಬೇರೆ. ಯಾವ ನಟ್ಟು ಯಾಕೆ ಅಲ್ಲಿದೆ ಅಂತ ಗೊತ್ತಿದ್ದವರು ಶೆಡ್ಡಿನಲ್ಲೇ ಇದ್ರು. ಹಾಗಾಗಿ ಅವರು ಒಂದು ನಿರ್ಧಾರ ಮಾಡಿದ್ರು. ದೊಡ್ಡದರ ಆಸೆ ಸದ್ಯಕ್ಕೆ ಬೇಡ, ಚಿಕ್ಕ ರಾಕೆಟ್‌ಗೆ ವಾಪಸ್ ಹೋಗೋಣ, ಕಲಿಯೋಣ ಅಂತ. ಬಾರ್ನ್‌ಹೋಮ್‌ನಲ್ಲಿ ತಾವು ಲಂಗರು ಹಾಕೋ ಬಂದರಿನ ಹೆಸರು ನೆಕ್ಸೋ. ಅದೇ ಹೆಸರನ್ನ ರಾಕೆಟ್‌ಗೆ ಇಟ್ಟರು.

2016ರ ಜುಲೈನಲ್ಲಿ ನೆಕ್ಸೋ-1 ಹಾರಿತು. ಎಂಜಿನ್‌ಗೆ ದ್ರವ ಆಮ್ಲಜನಕ ಸರಿಯಾಗಿ ಸಿಗದೆ ಬರೀ ಒಂದೂವರೆ ಕಿಲೋಮೀಟರ್ ಏರಿ ಸಮುದ್ರಕ್ಕೆ ಬಿತ್ತು. ಮತ್ತೆ ಕೂತರು, ಟ್ಯಾಂಕಿನ ಒತ್ತಡ ನಿಯಂತ್ರಿಸೋಕೆ ಹೊಸ ವ್ಯವಸ್ಥೆ ಮಾಡೋಕೆ.

ಅಷ್ಟರಲ್ಲಿ 2017ರ ಆಗಸ್ಟ್ ಬಂತು. ಕಿಮ್ ವಾಲ್ ಅನ್ನೋ ಸ್ವೀಡನ್ ಪತ್ರಕರ್ತೆ. 30 ವರ್ಷ. ಈ ಎರಡು ರಾಕೆಟ್ ಗುಂಪುಗಳ ಪೈಪೋಟಿ ಬಗ್ಗೆ ಬರೀಬೇಕು ಅಂತ ಮ್ಯಾಡ್ಸನ್‌ನ ಸಂದರ್ಶನಕ್ಕೆ ಆತನ ಸಬ್‌ಮರೀನ್ ಹತ್ತಿದ್ರು. ವಾಪಸ್ ಬರಲಿಲ್ಲ. ಮ್ಯಾಡ್ಸನ್ ಆಕೆಯನ್ನ ಕೊಂದಿದ್ದ. 2018ರ ಏಪ್ರಿಲ್‌ನಲ್ಲಿ ಕೋಪನ್‌ಹೇಗನ್ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ಕೊಡ್ತು. ಆ ಅಪರಾಧದ ವಿವರಗಳಿಗೆ ನಾನು ಹೋಗೋದಿಲ್ಲ, ಟಿಆರ್‌ಪಿಗೆ ಬೇಕಾದ್ರೂ ಹೋಗೋದಿಲ್ಲ. ಕೈಯಲ್ಲಿ ನೋಟ್‌ಬುಕ್ ಹಿಡಿದು ಕೆಲಸಕ್ಕೆ ಹೋದ ಹೆಣ್ಣುಮಗಳು ಆಕೆ. ಆಕೆಯ ಹೆಸರನ್ನ ಆ ಕೊಲೆಗಾರನ ಹೆಸರಿನ ಜೊತೆಗೆ ಮಾತ್ರ ನೆನೆಯೋದು ಆಕೆಗೆ ಮಾಡೋ ಇನ್ನೊಂದು ಅನ್ಯಾಯ. ಚೀನಾ, ಹೈತಿ, ಶ್ರೀಲಂಕಾಗಳಿಂದೆಲ್ಲ ವರದಿ ಮಾಡಿದ್ದ ಪತ್ರಕರ್ತೆ ಅವರು.

ಈಗ ಆ ಶೆಡ್ಡಿನಲ್ಲಿದ್ದವರ ಸ್ಥಿತಿ ನೋಡಿ. ಅವನು ಇವರನ್ನ ಬಿಟ್ಟು ಹೋಗಿ ಮೂರು ವರ್ಷ ಆಗಿತ್ತು. ಆದ್ರೆ ಜಗತ್ತಿನ ಕಣ್ಣಲ್ಲಿ? ಅಯ್ಯೋ, ಆ ರಾಕೆಟ್ ಕ್ಲಬ್ಬಾ, ಅವನು ಕಟ್ಟಿದ್ದಲ್ವಾ ಅನ್ನೋ ಮಾತು. ಅವನ ಪಕ್ಕ ನಿಂತು ಕೆಲಸ ಮಾಡಿದವರು, ಒಟ್ಟಿಗೆ ಕಾಫಿ ಕುಡಿದವರು ಇವರು. ಅಂಥ ಹೊತ್ತಲ್ಲಿ ಗುಂಪು ಎರಡರಲ್ಲೊಂದು ಮಾಡುತ್ತೆ. ನಾಚಿಕೆಯಿಂದ ಚದುರಿ ಹೋಗುತ್ತೆ, ಇಲ್ಲವೇ ಅವನನ್ನ ಸಮರ್ಥನೆ ಮಾಡ್ಕೊಳ್ಳೋಕೆ ಹೋಗಿ ಮರ್ಯಾದೆ ಕಳ್ಕೊಳ್ಳುತ್ತೆ. ಇವರು ಎರಡೂ ಮಾಡಲಿಲ್ಲ. 2014ರಿಂದ ಅವನಿಗೂ ನಮಗೂ ಸಂಬಂಧ ಇಲ್ಲ ಅಂತ ಹೇಳಿದ್ರು. ಕೆಲಸಕ್ಕೆ ವಾಪಸ್ ಹೋದ್ರು.

2018ರ ಆಗಸ್ಟ್ 4. ನೆಕ್ಸೋ-2. ಸುಮಾರು 6.5 ಕಿಲೋಮೀಟರ್ ಏರಿತು. ಪ್ಯಾರಾಚೂಟ್ ಬಿಚ್ಚಿಕೊಳ್ತು. ನಿಧಾನಕ್ಕೆ ಸಮುದ್ರಕ್ಕೆ ಇಳೀತು. ದೋಣಿಯಲ್ಲಿ ಹೋಗಿ ಎತ್ಕೊಂಡು ಬಂದ್ರು.

ಆರೂವರೆ ಕಿಲೋಮೀಟರ್ ಅಂದ್ರೆ ಹೆಚ್ಚುಕಮ್ಮಿ ಮೆಜೆಸ್ಟಿಕ್‌ನಿಂದ ಯಶವಂತಪುರ. ಹತ್ತು ವರ್ಷ ದುಡಿದು ಯಶವಂತಪುರ ಮುಟ್ಟಿದ್ರಾ, ಮಂಡ್ಯ ಯಾವಾಗ ಅಂತ ಯಾರಾದ್ರೂ ಕೇಳಬಹುದು. ಕೇಳಲಿ, ನ್ಯಾಯವಾದ ಪ್ರಶ್ನೆ. ಆದ್ರೆ 2011ರಲ್ಲಿ ನೀರಿಗೆ ಅಪ್ಪಳಿಸಿದ್ದನ್ನ ನೆನಪು ಮಾಡ್ಕೊಳ್ಳಿ. ಈಗ ರಾಕೆಟ್ ಮೇಲೆ ಹೋಗಿ, ಮೆತ್ತಗೆ ಕೆಳಗೆ ಬಂತು. ಮನುಷ್ಯನನ್ನ ಕೂರಿಸಬೇಕು ಅನ್ನೋರಿಗೆ ಎತ್ತರಕ್ಕಿಂತ ಮೊದಲು ಬೇಕಾಗಿರೋದು ಈ ವಾಪಸ್ ಬರೋ ವಿದ್ಯೆ. ಮುಂದಿನ ದೊಡ್ಡ ರಾಕೆಟ್ ಹೆಸರು ಸ್ಪೈಕಾ. ಸುಮಾರು 13 ಮೀಟರ್ ಎತ್ತರ, ಇಂಧನ ಎಥೆನಾಲ್, ಜೊತೆಗೆ ದ್ರವ ಆಮ್ಲಜನಕ. ಕೂರೋರು ಒಬ್ಬರೇ.

ಆ ಕುರ್ಚಿಗೆ ಯಾರು ಅಂತ ಕೇಳ್ತೀರಿ. ನನ್ನ ಮನಸ್ಸಿಗೆ ತಟ್ಟಿದ್ದು ಇದು. ಅವರ ಗಗನಯಾತ್ರಿ ಅಭ್ಯರ್ಥಿಗಳೆಲ್ಲ ಕ್ಲಬ್ಬಿನವರೇ. ಅದರಲ್ಲಿ ಒಬ್ಬರು ಸ್ಕೈಡೈವರ್, ಕ್ಲಬ್ಬಿನ ಪ್ಯಾರಾಚೂಟ್ ಕೆಲಸ ಮಾಡೋರೂ ಅವರೇ. ಅಂದ್ರೆ ತನ್ನ ಜೀವ ಯಾವ ದಾರದ ಮೇಲೆ ನೇತಾಡುತ್ತೋ ಆ ದಾರದ ಹೊಲಿಗೆ ಅವರಿಗೆ ಗೊತ್ತು. ಆದ್ರೆ ಎಂಜಿನ್? ಅದು ಗೆಳೆಯರು ಮಾಡಿದ್ದು. ಟ್ಯಾಂಕಿನ ವೆಲ್ಡಿಂಗ್? ಇನ್ನೊಬ್ಬ ಗೆಳೆಯನದ್ದು. ದೊಡ್ಡ ಸಂಸ್ಥೆಗಳಲ್ಲಿ ಸುರಕ್ಷತೆಗೆ ಫೈಲು ಇರುತ್ತೆ, ಸಹಿ ಇರುತ್ತೆ, ಮೊಹರು ಇರುತ್ತೆ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಒಂದೇ. ನಿನ್ನ ವೆಲ್ಡಿಂಗ್ ಸರಿ ಇಲ್ಲ, ಬಿಚ್ಚು ಅಂತ ಗೆಳೆಯನಿಗೆ ಗೆಳೆಯ ಹೇಳಬೇಕು. ಹೇಳಿಸಿಕೊಂಡವನು ಮುಖ ಊದಿಸಿಕೊಳ್ಳಬಾರದು. ನಾವು ಸ್ನೇಹ ಅಂದ್ರೆ ಏನು ಅಂದ್ಕೊಂಡಿದೀವಿ? ಹೌದು ಗುರೂ, ಸೂಪರ್ ಗುರೂ ಅನ್ನೋದು. ಆ ಶೆಡ್ಡಿನಲ್ಲಿ ಹಾಗೆ ಅಂದ್ರೆ ಒಬ್ಬ ಸಾಯ್ತಾನೆ. ಅಲ್ಲಿ ಸ್ನೇಹ ಅಂದ್ರೆ ಬಿಚ್ಚು ಅನ್ನೋ ಧೈರ್ಯ.

ಕೋಪನ್‌ಹೇಗನ್ ರಾಕೆಟ್ಟಿಗೂ ಕರ್ನಾಟಕಕ್ಕೂ ಏನು ಸಂಬಂಧ ಅಂತ ಕೇಳಿದ್ರೆ, ಸಂಬಂಧ ಇದೆ. ಅದು ಹೆಮ್ಮೆಯದ್ದೂ ಹೌದು, ನೋವಿನದ್ದೂ ಹೌದು.

ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ಸೈನ್ಯದ ಹತ್ರ ಕಬ್ಬಿಣದ ಕೊಳವೆಯ ರಾಕೆಟ್‌ಗಳಿದ್ದವು. 1780ರ ಪೊಳ್ಳಿಲೂರು ಯುದ್ಧದಲ್ಲಿ ಬ್ರಿಟಿಷರು ಅದರ ರುಚಿ ನೋಡಿದ್ರು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅಲ್ಲಿ ಸಿಕ್ಕ ರಾಕೆಟ್‌ಗಳು ಇಂಗ್ಲೆಂಡ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಅನ್ನೋನು ಅದೇ ದಾರಿಯಲ್ಲಿ ತನ್ನ ರಾಕೆಟ್ ಮಾಡಿದ. 1807ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಆ ರಾಕೆಟ್‌ಗಳನ್ನ ಒಂದು ಊರಿನ ಮೇಲೆ ಸುರಿದ್ರು. ಯಾವ ಊರು? ಇದೇ ಕೋಪನ್‌ಹೇಗನ್! ಆ ದಾಳಿಯಲ್ಲಿ ಮನೆಗಳು ಸುಟ್ಟವು, ಊರಿನ ದೊಡ್ಡ ಚರ್ಚ್ ಉರಿದು ಬಿತ್ತು, ಜನಸಾಮಾನ್ಯರು ಸತ್ತರು.

ನಮ್ಮ ಕಮ್ಮಾರರ ಕುಲುಮೆಯಲ್ಲಿ ಹುಟ್ಟಿದ ವಿದ್ಯೆ ಬ್ರಿಟಿಷರ ಕೈ ಸೇರಿ ಆ ಊರನ್ನ ಸುಟ್ಟಿತು. ಇನ್ನೂರು ವರ್ಷ ಆದಮೇಲೆ ಅದೇ ಊರಿನ ಜನ ಯಾರನ್ನೂ ಕೊಲ್ಲೋಕಲ್ಲದೆ, ಒಬ್ಬನನ್ನ ಮೇಲಕ್ಕೆ ಕಳಿಸಿ ಕ್ಷೇಮವಾಗಿ ಇಳಿಸೋಕೆ ರಾಕೆಟ್ ಕಟ್ತಾ ಇದ್ದಾರೆ. ಇನ್ನೊಂದು ಕಾಕತಾಳೀಯ ನೋಡಿ. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ನಗರದಲ್ಲಿ ಒಂದು ಹಳೇ ಬಾವಿಯಿಂದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್‌ಗಳು ತುಕ್ಕು ಹಿಡಿದು ಸಿಕ್ಕವು. ಅದಾದ ಕೆಲವೇ ದಿನಕ್ಕೆ ನೆಕ್ಸೋ-2 ಹಾರಿತು.

ನಮ್ಮ ಹುಡುಗರ ಕೈಲಿ ಆಗಲ್ವಾ ಅಂತ ಕೇಳಬೇಡಿ. ಆಗುತ್ತೆ, ಆಗಿದೆ. 2010ರ ಜುಲೈ 12ಕ್ಕೆ ಪಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಸ್ಟಡ್‌ಸ್ಯಾಟ್ ಅನ್ನೋ ಪುಟ್ಟ ಉಪಗ್ರಹ ಹೋಯ್ತು. ತೂಕ ಒಂದು ಕೆಜಿಗೂ ಕಡಿಮೆ. ಕಟ್ಟಿದ್ದು ಬೆಂಗಳೂರು ಮತ್ತು ಹೈದರಾಬಾದ್‌ನ ಏಳು ಕಾಲೇಜುಗಳ ವಿದ್ಯಾರ್ಥಿಗಳು. ಏಳು ಕಾಲೇಜಿನ ಹುಡುಗರು ಒಂದೇ ಮೇಜಿನ ಸುತ್ತ ಕೂತು, ನಮ್ಮ ಕಾಲೇಜು ನಿಮ್ಮ ಕಾಲೇಜು ಅನ್ನದೆ, ಕೆಲಸ ಮುಗಿಸಿದ್ರು. ಇಸ್ರೋ ಬೆನ್ನಿಗೆ ನಿಂತಿತ್ತು.

ಒಂದು ಎಚ್ಚರಿಕೆ ಮಾತ್ರ ಹೇಳ್ತೀನಿ, ಮಕ್ಕಳೂ ನೋಡ್ತಿರ್ತೀರಿ. ಯಾರೂ ಮನೆಯಲ್ಲಿ ಮದ್ದು ಅರೆದು ರಾಕೆಟ್ ಮಾಡೋಕೆ ಹೋಗಬೇಡಿ. ಕಾನೂನೂ ಬಿಡೋದಿಲ್ಲ, ಬೆರಳೂ ಉಳಿಯೋದಿಲ್ಲ. ಕೋಪನ್‌ಹೇಗನ್‌ನವರು ಕೂಡ ಅನುಮತಿ ತಗೊಂಡು, ಜನರಿಲ್ಲದ ಸಮುದ್ರಕ್ಕೆ ಹೋಗಿ, ಬೊಂಬೆ ಕೂರಿಸಿ ಹಾರಿಸಿದವರು. ಅವರಿಂದ ಕಲಿಯಬೇಕಾದ್ದು ಮದ್ದಿನ ಪಾಕ ಅಲ್ಲ.

ಏನು ಕಲೀಬೇಕು ಅಂದ್ರೆ, ನಿಮ್ಮೂರಲ್ಲಿ ಒಂದು ಸಂಘ ಇದ್ದೇ ಇರುತ್ತೆ. ಕೆರೆ ಹೂಳೆತ್ತೋದೋ, ನಾಟಕ ಆಡೋದೋ, ಲೈಬ್ರರಿ ನಡೆಸೋದೋ ಏನೋ ಒಂದು. ಅಧ್ಯಕ್ಷರು ನಾಳೆ ಎದ್ದು ಹೋದ್ರೆ ಆ ಸಂಘ ನಡೆಯುತ್ತಾ? ಲೆಕ್ಕ ಇನ್ನೊಬ್ಬರಿಗೆ ಗೊತ್ತಾ? ತಪ್ಪಾದಾಗ ಇಂಥ ಕಾರಣಕ್ಕೆ ಕೆಡ್ತು ಅಂತ ಊರಿನ ಮುಂದೆ ಹೇಳೋ ಅಭ್ಯಾಸ ಇದೆಯಾ? ಬಿಚ್ಚು, ಸರಿ ಇಲ್ಲ ಅಂತ ಹೇಳೋ ಒಬ್ಬ ಸ್ನೇಹಿತನಾದ್ರೂ ಒಳಗಿದ್ದಾನಾ? ಇದ್ರೆ ಅವನನ್ನ ಕಳ್ಕೋಬೇಡಿ.

ಸ್ಪೈಕಾ ಹಾರುತ್ತೋ ಇಲ್ವೋ, ಅದರಲ್ಲಿ ಕೂತವರು ವಾಪಸ್ ಬರ್ತಾರೋ ಇಲ್ವೋ, ಇವತ್ತು ಯಾರೂ ಹೇಳೋಕಾಗಲ್ಲ. ಆದ್ರೆ ಬರೋ ಶನಿವಾರ ಆ ಶೆಡ್ಡಿನ ಬಾಗಿಲು ತೆರೆಯುತ್ತೆ, ಅಷ್ಟನ್ನ ಧೈರ್ಯವಾಗಿ ಹೇಳಬಹುದು.